ಓಯಾ ಕಲ್ಲುಗಣಿಯ ವಸ್ತುಸಂಗ್ರಹಾಲಯ: ನೆಲದಡಿಯ ದುಡಿಮೆಯ ದಾಖಲೆ

ಜಪಾನಿನ ತೊಚಿಗಿ ಪ್ರಾಂತದ ಆಡಳಿತ ಕೇಂದ್ರ ಉತ್ಸುನೊಮಿಯಾ ನಗರ. ಟೋಕಿಯೊದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರ. ಈ ನಗರದ ವಾಯವ್ಯ ಅಂಚಿನಲ್ಲಿ, ಬೋಳು ಬಂಡೆಗಳ ಕಡಿದಾದ ಗುಡ್ಡಗಳ ನಡುವೆ ಓಯಾ ಎಂಬ ಊರಿದೆ. ಊರಿಗೂ ಅಲ್ಲಿ ಸಿಗುವ ಕಲ್ಲಿಗೂ ಒಂದೇ ಹೆಸರು. ಆ ಕಲ್ಲನ್ನು ಕಡಿದು ತೆಗೆದ ಮೇಲೆ ನೆಲದಡಿಯಲ್ಲಿ ಉಳಿದ ಖಾಲಿ ಜಾಗದಲ್ಲಿ 1979ರಿಂದ ಓಯಾ ಇತಿಹಾಸ ವಸ್ತುಸಂಗ್ರಹಾಲಯ ನಡೆಯುತ್ತಿದೆ. ಮೇಲ್ಗಡೆ ಕಾಣುವುದು ಸಾಧಾರಣ ಪ್ರದರ್ಶನ ಕೊಠಡಿ ಮಾತ್ರ. ಅಲ್ಲಿಂದ ಮೆಟ್ಟಿಲಿಳಿದು ಹೋದರೆ ಸುಮಾರು 150 ಮೀಟರ್ ಉದ್ದ, 140 ಮೀಟರ್ ಅಗಲದ ನೆಲಮಾಳಿಗೆ ತೆರೆದುಕೊಳ್ಳುತ್ತದೆ. ಅದರ ವಿಸ್ತೀರ್ಣ 20,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 5 ಎಕರೆ. ಸರಾಸರಿ ಆಳ 30 ಮೀಟರ್, ಅತಿ ಆಳದ ಕಡೆ 60 ಮೀಟರ್. ಇದನ್ನು ಕೊರೆದದ್ದು ನೀರಲ್ಲ, ಗಾಳಿಯಲ್ಲ. 1919ರಿಂದ 1986ರವರೆಗೆ ದುಡಿದ ಕಲ್ಲುಕುಟಿಗರು.

ಸಾಮಾನ್ಯವಾಗಿ ಭೂವಿಜ್ಞಾನದ ವಸ್ತುಸಂಗ್ರಹಾಲಯಗಳಲ್ಲಿ ಶಿಲೆಗಳು ಗಾಜಿನ ಪೆಟ್ಟಿಗೆಯೊಳಗಿರುತ್ತವೆ, ಪಕ್ಕದಲ್ಲಿ ಹೆಸರಿನ ಚೀಟಿ ಇರುತ್ತದೆ. ಓಯಾದಲ್ಲಿ ಪ್ರದರ್ಶನಕ್ಕಿರುವುದು ಶಿಲೆಯ ಒಂದು ಪದರವೇ. ನೋಡಲು ಬಂದವರು ಅದರ ಹೊಟ್ಟೆಯೊಳಗೆ ಇಳಿಯುತ್ತಾರೆ. ಚಾವಣಿ, ಗೋಡೆ, ಕಂಬ, ನೆಲ ಎಲ್ಲವೂ ಅದೇ ಕಲ್ಲು. ಆ ಕಲ್ಲು ಹೇಗೆ ಹುಟ್ಟಿತು, ಅದನ್ನು ಹೇಗೆ ತೆಗೆದರು, ತೆಗೆದದ್ದು ಎಲ್ಲಿಗೆ ಹೋಯಿತು ಎಂಬ ಮೂರು ಪ್ರಶ್ನೆಗಳ ಸುತ್ತಲೇ ಈ ಸಂಸ್ಥೆಯ ಚರಿತ್ರೆ ಹೆಣೆದುಕೊಂಡಿದೆ.

ಓಯಾ ಕಲ್ಲು ಟಫ್ ಜಾತಿಯದು, ಎಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಶಿಲೆ. ಸುಮಾರು 1.5 ಕೋಟಿ ವರ್ಷಗಳ ಹಿಂದೆ, ಮಯೋಸೀನ್ ಕಾಲದಲ್ಲಿ, ಜಪಾನಿನ ಭೂಭಾಗ ಏಷ್ಯಾ ಖಂಡದ ಅಂಚಿನಿಂದ ಬೇರೆಯಾಗಿ ನಡುವೆ ಜಪಾನ್ ಸಮುದ್ರ ತೆರೆದುಕೊಂಡಿತು. ಇಂದಿನ ಉತ್ಸುನೊಮಿಯಾ ಪ್ರದೇಶ ಆಗ ಕಡಲಡಿಯಲ್ಲಿತ್ತು. ಕಡಲಡಿಯ ಜ್ವಾಲಾಮುಖಿಗಳು ಸಿಡಿದಾಗ ಹೊರಬಿದ್ದ ಬೂದಿ ಮತ್ತು ನೊರೆಗಲ್ಲಿನ ಚೂರುಗಳು ನೀರಿನ ತಳದಲ್ಲಿ ದಪ್ಪಗೆ ಶೇಖರವಾದವು. ಕಾಲಕ್ರಮದಲ್ಲಿ ನೀರು ಮತ್ತು ಬಿಸಿಯ ಪರಿಣಾಮದಿಂದ ಬೂದಿಯ ಗಾಜಿನಂಥ ಕಣಗಳು ಜಿಯೋಲೈಟ್ ಎಂಬ ಖನಿಜಗಳಾಗಿಯೂ ಜೇಡಿಯಾಗಿಯೂ ಮಾರ್ಪಟ್ಟವು. ಕಬ್ಬಿಣದ ಅಂಶವಿರುವ ಜೇಡಿ ಖನಿಜಗಳಿಂದ ಶಿಲೆಗೆ ತಿಳಿಹಸಿರು ಬಣ್ಣ ಬಂತು. ಜಪಾನಿನ ಹಲವು ಭಾಗಗಳಲ್ಲಿ ಹರಡಿರುವ ಇಂಥ ಶಿಲಾಸಮೂಹವನ್ನು ಭೂವಿಜ್ಞಾನಿಗಳು ‘ಹಸಿರು ಟಫ್’ ಎಂದು ಕರೆಯುತ್ತಾರೆ. ಓಯಾ ಕಲ್ಲು ಆ ಕುಟುಂಬದ ಪ್ರಸಿದ್ಧ ಸದಸ್ಯ.

ಆಗತಾನೇ ಕಡಿದ ಓಯಾ ಕಲ್ಲಿನ ಮೈಯಲ್ಲಿ ಹಸಿರು-ನೀಲಿ ಛಾಯೆ ಇರುತ್ತದೆ, ಒಳಗೆ ತೇವ ತುಂಬಿರುತ್ತದೆ. ಹೊರಗಿಟ್ಟು ಒಣಗಿದಂತೆ ಹಸಿರು ಮಾಸಿ ಬಿಳಿಬೂದು, ಮುಂದೆ ಕಂದುಬಣ್ಣಕ್ಕೆ ತಿರುಗುತ್ತದೆ. ಕಲ್ಲಿನ ಮೈತುಂಬ ಅಲ್ಲಲ್ಲಿ ಕಂದು ಮಚ್ಚೆಗಳು ಕಾಣುತ್ತವೆ. ಅವು ನೊರೆಗಲ್ಲಿನ ಚೂರುಗಳು ಜೇಡಿಯಾಗಿ ಕೊಳೆತ ಜಾಗಗಳು. ಸ್ಥಳೀಯ ಕಸುಬುದಾರರು ಇವನ್ನು ‘ಮಿಸೊ’ ಎನ್ನುತ್ತಾರೆ. ಸೋಯಾ ಕಾಳನ್ನು ಹುದುಗಿಸಿ ಮಾಡುವ, ಅದೇ ಬಣ್ಣದ ಹದವಾದ ವ್ಯಂಜನದ ಹೆಸರು ಅದು. ಮಳೆಗಾಳಿಗೆ ಸಿಕ್ಕಿದ ಮಿಸೊ ಮೆಲ್ಲಗೆ ಉದುರಿಹೋಗಿ ಕಲ್ಲಿನಲ್ಲಿ ಸಣ್ಣ ಗುಳಿಗಳನ್ನು ಉಳಿಸುತ್ತದೆ. ಮಿಸೊ ಎಷ್ಟಿದೆ, ಎಷ್ಟು ದೊಡ್ಡದು ಎಂಬುದರ ಮೇಲೆ ಕಲ್ಲಿನ ದರ್ಜೆ ನಿರ್ಧಾರವಾಗುತ್ತಿತ್ತು. ನುಣುಪು ಬೇಕಾದವರು ಮಿಸೊ ಕಡಿಮೆ ಇರುವ ಪದರವನ್ನು ಹುಡುಕುತ್ತಿದ್ದರು. ಅದೇ ಗುಳಿಬಿದ್ದ ಒರಟು ಮೈಯಲ್ಲಿ ಚೆಲುವನ್ನು ಕಂಡ ವಾಸ್ತುಶಿಲ್ಪಿಗಳೂ ಬಂದರು.

ಈ ಕಲ್ಲು ಹಗುರ. ನಮ್ಮ ಕರಾವಳಿಯಲ್ಲಿ ಮುರಕಲ್ಲನ್ನು ಕಡಿದು ಇಟ್ಟಿಗೆಯಂತೆ ಜೋಡಿಸುವುದನ್ನು ಕಂಡವರಿಗೆ ಓಯಾ ಕಲ್ಲಿನ ಉಪಯೋಗ ಸುಲಭವಾಗಿ ಅರ್ಥವಾಗುತ್ತದೆ. ಹುಟ್ಟಿನಲ್ಲಿ ಎರಡಕ್ಕೂ ಸಂಬಂಧವಿಲ್ಲ, ಆದರೆ ಎರಡೂ ಕೈಹತ್ಯಾರಕ್ಕೆ ಬಗ್ಗುವ ಕಲ್ಲುಗಳು. ಒಳಗಿನ ಸೂಕ್ಷ್ಮ ರಂಧ್ರಗಳಿಂದಾಗಿ ಓಯಾ ಕಲ್ಲು ತೇವವನ್ನು ಹೀರಿ ಬಿಡುತ್ತದೆ, ವಾಸನೆಯನ್ನು ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬೆಂಕಿಗೆ ಜಗ್ಗುವುದಿಲ್ಲ. ಮರದ ಮನೆಗಳು ತುಂಬಿದ ದೇಶದಲ್ಲಿ ಇದು ಸಣ್ಣ ಗುಣವಲ್ಲ. ಅಕ್ಕಿ, ಸೋಯಾ ಸಾಸ್, ಸಾಕೆ ಮದ್ಯ ಇಡುವ ಉಗ್ರಾಣಗಳಿಗೆ ಈ ಕಲ್ಲನ್ನೇ ಆರಿಸಿದ್ದು ಇದಕ್ಕಾಗಿ. ದೌರ್ಬಲ್ಯವೂ ಇದೆ. ನೀರು ಕುಡಿದ ಟಫ್‌ನ ಬಲ ಒಣಗಿದ ಟಫ್‌ಗಿಂತ ಬಹಳ ಕಡಿಮೆ. ಓಯಾ ಊರು ಈ ಪಾಠಕ್ಕೆ ಮುಂದೆ ಬೆಲೆ ತೆರಬೇಕಾಯಿತು.

ಕರ್ನಾಟಕದ ಓದುಗರಿಗೆ ಜ್ವಾಲಾಮುಖಿಯ ಸಿಡಿತದಿಂದ ಆದ ಶಿಲೆ ಅಪರಿಚಿತವೇನಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯಲ್ಲಿರುವ ಅಂಥ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಆದರೆ ಅವು 250 ಕೋಟಿ ವರ್ಷಕ್ಕಿಂತ ಹಳೆಯವು, ಭೂಗರ್ಭದ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ರೂಪಾಂತರಗೊಂಡವು. ಓಯಾ ಕಲ್ಲು ಅಂಥ ಬೇಯುವಿಕೆಯಿಂದ ಪಾರಾಗಿದ್ದರಿಂದಲೇ ಪಿಕಾಸಿಗೆ ಬಗ್ಗುವಷ್ಟು ಮೆತ್ತಗೆ ಉಳಿಯಿತು. ಇನ್ನೊಂದು ಅನುಕೂಲವೂ ಒದಗಿತು. ಪದರ ದಪ್ಪವಾಗಿದೆ, ಬಿರುಕುಗಳು ಕಡಿಮೆ. ಹೀಗಾಗಿ ಅಗಲವಾದ ಚಾವಣಿಯನ್ನು ಕೆಲವೇ ಕಂಬಗಳ ಮೇಲೆ ನಿಲ್ಲಿಸಿಕೊಂಡು ಆಳಕ್ಕೆ ಇಳಿಯುವುದು ಸಾಧ್ಯವಾಯಿತು.

ಓಯಾದ ಬಂಡೆಗಳಡಿಯಲ್ಲಿ ಮನುಷ್ಯರ ವಾಸ ಬಹಳ ಹಳೆಯದು. ಓಯಾಜಿ ಬೌದ್ಧ ದೇವಾಲಯದ ಗುಹೆಯಲ್ಲಿ ನಡೆದ ಉತ್ಖನನದಲ್ಲಿ ಸುಮಾರು 11,000 ವರ್ಷ ಹಿಂದಿನ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಕಲ್ಲನ್ನು ಕಡಿದು ಬಳಸಿದ ಕುರುಹುಗಳು ಪುರಾತನ ಸಮಾಧಿ ದಿಬ್ಬಗಳ ಕಲ್ಲಿನ ಕೋಣೆಗಳಲ್ಲಿ ಸಿಗುತ್ತವೆ. 8ನೇ ಶತಮಾನದಲ್ಲಿ ಚಕ್ರವರ್ತಿ ಶೋಮು ಪ್ರಾಂತಕ್ಕೊಂದು ಬೌದ್ಧ ವಿಹಾರ ಕಟ್ಟಬೇಕೆಂದು ಆಜ್ಞೆ ಹೊರಡಿಸಿದಾಗ ಶಿಮೊತ್ಸುಕೆ ಪ್ರಾಂತದ, ಅಂದರೆ ಇಂದಿನ ತೊಚಿಗಿಯ, ವಿಹಾರದ ಅಡಿಪಾಯಕ್ಕೂ ಇದೇ ಕಲ್ಲು ಬಂತು. ಓಯಾಜಿಯಲ್ಲಿ ಬಂಡೆಯ ಗೋಡೆಗೇ ಕೆತ್ತಿದ ಹತ್ತು ಬೌದ್ಧ ಮೂರ್ತಿಗಳಿವೆ. ಅವುಗಳಲ್ಲಿ ಸುಮಾರು 4 ಮೀಟರ್ ಎತ್ತರದ ಸಹಸ್ರಭುಜ ಅವಲೋಕಿತೇಶ್ವರನದು ಮುಖ್ಯ ಮೂರ್ತಿ. ಕೆತ್ತಿದ ಕಲ್ಲಿನ ಮೇಲೆ ಜೇಡಿಮಣ್ಣು ಹಚ್ಚಿ, ಅರಗು ಬಳಿದು, ಚಿನ್ನದ ರೇಕು ಅಂಟಿಸಿ ಅದನ್ನು ಪೂರ್ಣಗೊಳಿಸಿದ್ದರು. ಈಗ ಆ ಲೇಪ ಹೋಗಿ ಒಳಗಿನ ಕಲ್ಲೇ ಕಾಣುತ್ತದೆ. ಈ ಮೂರ್ತಿಗಳಿಗೆ ಜಪಾನ್ ಸರ್ಕಾರ ವಿಶೇಷ ಐತಿಹಾಸಿಕ ತಾಣ ಮತ್ತು ಪ್ರಮುಖ ಸಾಂಸ್ಕೃತಿಕ ಸ್ವತ್ತು ಎಂಬ ಎರಡೂ ಮಾನ್ಯತೆ ಕೊಟ್ಟಿದೆ.

ತೊಕುಗಾವಾ ಆಳ್ವಿಕೆಯ ಕಾಲದಲ್ಲಿ ಕಲ್ಲು ಕಡಿಯುವುದು ರೈತರ ಬಿಡುವಿನ ಕಾಲದ ಉಪಕಸುಬಾಗಿತ್ತು. ಉತ್ಸುನೊಮಿಯಾ ಕೋಟೆಗೂ ಸುತ್ತಲಿನ ಊರುಗಳಿಗೂ ಸಾಕಾಗುವಷ್ಟು ತೆಗೆಯುತ್ತಿದ್ದರು. ಸ್ವಲ್ಪ ಭಾಗ ಕಿನು ನದಿಯ ದೋಣಿಗಳಲ್ಲಿ ಎದೊ ನಗರಕ್ಕೆ, ಅಂದರೆ ಇಂದಿನ ಟೋಕಿಯೊಗೆ, ಹೋಗುತ್ತಿತ್ತು. ಕಸುಬು ಉದ್ಯಮವಾದದ್ದು ರೈಲು ಬಂದ ಮೇಲೆ. 1885ರಲ್ಲಿ ಉತ್ಸುನೊಮಿಯಾಕ್ಕೆ ರೈಲು ಬಂತು. 1897ರಲ್ಲಿ ಓಯಾದಿಂದ ನಗರದ ಕಡೆಗೆ ಹಳಿ ಹಾಕಿದರು. ಆ ಹಳಿಯ ಮೇಲೆ ಗಾಡಿಯನ್ನು ಎಳೆದದ್ದು ಎಂಜಿನ್ನೂ ಅಲ್ಲ, ಕುದುರೆಯೂ ಅಲ್ಲ. ಆಳುಗಳೇ ಗಾಡಿಗಳನ್ನು ಹಿಂದಿನಿಂದ ತಳ್ಳುತ್ತಿದ್ದರು. 1915ರಲ್ಲಿ ಸರಕು ಸಾಗಿಸುವ ಲಘು ರೈಲುಮಾರ್ಗವೂ ಸೇರಿಕೊಂಡಿತು. ಟೋಕಿಯೊ ಮತ್ತು ಯೊಕೊಹಾಮಾದ ಮಾರುಕಟ್ಟೆಗಳು ಕೈಗೆಟುಕಿದವು. ಗುಡ್ಡದ ಮೈಯಲ್ಲಿ ಕಾಣುವ ಕಲ್ಲು ಸಾಲದಾದಾಗ ಕಲ್ಲುಕುಟಿಗರು ನೆಲದೊಳಕ್ಕೆ ನುಗ್ಗಿದರು.

ಈಗ ವಸ್ತುಸಂಗ್ರಹಾಲಯವಿರುವ ಗಣಿಯಲ್ಲಿ ಅಗೆತ ಮೊದಲಾದದ್ದು 1919ರಲ್ಲಿ. ಅಲ್ಲಿ ಎರಡು ಬಗೆಯ ಅಗೆತ ನಡೆಯುತ್ತಿತ್ತು. ಒಂದು, ನಿಂತ ನೆಲವನ್ನೇ ಸಾಲುಸಾಲಾಗಿ ಕಡಿಯುತ್ತ ಕೆಳಕ್ಕೆ ಇಳಿಯುವುದು. ಇನ್ನೊಂದು, ಎದುರಿನ ಗೋಡೆಯನ್ನು ಅಡ್ಡಡ್ಡ ಕೊರೆಯುತ್ತ ಮುಂದೆ ಹೋಗುವುದು. ಎರಡನೆಯದು ಹೆಚ್ಚು ಕಷ್ಟದ್ದು. ಮೇಜಿ ಚಕ್ರವರ್ತಿಯ ಕಾಲದ ಕೊನೆಯಲ್ಲಿ ಇಝು ಪ್ರದೇಶದ ಕಲ್ಲುಕುಟಿಗರಿಂದ ಇದು ಓಯಾಕ್ಕೆ ಬಂತು. ಒಳ್ಳೆಯ ಪದರ ಸಿಕ್ಕಾಗ ಅದರ ಜಾಡು ಹಿಡಿದು ಅಡ್ಡಕ್ಕೆ ನುಗ್ಗುವುದು, ಚಾವಣಿ ಭದ್ರವಾದ ಮೇಲೆ ಅಲ್ಲಿಂದ ಕೆಳಕ್ಕೆ ಇಳಿಯುವುದು, ನಡುನಡುವೆ ಕಲ್ಲನ್ನೇ ಕಂಬವಾಗಿ ಬಿಡುವುದು: ಇದೇ ಪದ್ಧತಿ. ಇಂದು ಕೆಳಗಿಳಿದವರಿಗೆ ಗುಡಿಯ ಮಂಟಪದಂತೆ ಕಾಣುವ ಆ ಚೌಕ ಕಂಬಗಳು ಅಲಂಕಾರಕ್ಕೆ ನಿಂತವಲ್ಲ. ಪ್ರತಿಯೊಂದು ಕಂಬವೂ ಕಡಿದಿದ್ದರೆ ಹಣವಾಗುತ್ತಿದ್ದ, ಮೇಲಿನ ಭಾರಕ್ಕೆ ಹೆದರಿ ಬಿಟ್ಟ ಕಲ್ಲು.

ಅಳತೆಗೆ ಜಪಾನಿನ ಹಳೆಯ ಮಾನವೇ ಆಧಾರ. ಒಂದು ಶಾಕು ಸುಮಾರು 30 ಸೆಂಟಿಮೀಟರ್, ಅದರ ಹತ್ತನೇ ಒಂದು ಭಾಗ ಒಂದು ಸುನ್. ಹೆಚ್ಚು ಬಿಕರಿಯಾಗುತ್ತಿದ್ದ ಕಲ್ಲು 6 ಸುನ್ ದಪ್ಪ, 10 ಸುನ್ ಅಗಲ, 3 ಶಾಕು ಉದ್ದದ್ದು, ಅಂದರೆ ಅಂದಾಜು 18, 30, 90 ಸೆಂಟಿಮೀಟರ್. ಇಂಥ ಒಂದು ಕಲ್ಲು ತೆಗೆಯುವ ಕ್ರಮ ಹೀಗಿತ್ತು. ಮೊದಲು ಬಂಡೆಯ ಮೇಲೆ ಗೆರೆ ಹಾಕಿಕೊಳ್ಳುವುದು. ಎರಡೂ ತುದಿ ಚೂಪಾದ ಪಿಕಾಸಿಯಿಂದ ಆ ಗೆರೆಯ ಗುಂಟ ಕಿರಿದಾದ ಕಾಲುವೆ ಕಡಿಯುವುದು. ನಾಲ್ಕೂ ಮಗ್ಗುಲು ಬೇರೆಯಾದ ಮೇಲೆ ತಳದಲ್ಲಿ ಸಾಲಾಗಿ ಬೆಣೆ ಹೊಡೆದು ಕಲ್ಲನ್ನು ಎಬ್ಬಿಸುವುದು. ಹೀಗೆ ಒಂದು ಕಲ್ಲು ಹೊರಬರಲು ಪಿಕಾಸಿ ಸುಮಾರು 4,000 ಸಲ ಬೀಳಬೇಕಾಗಿತ್ತು. ಏಟು ಓರೆಯಾದರೆ ಕಾಲುವೆ ಅಗಲವಾಗುತ್ತದೆ, ಕಲ್ಲು ಪುಡಿಯಾಗಿ ನಷ್ಟವಾಗುತ್ತದೆ. ಆದ್ದರಿಂದ ಏಟಿನ ಬಲಕ್ಕಿಂತ ಅದರ ಕೋನವೇ ಕಸುಬಿನ ಜೀವಾಳ. ಒಬ್ಬ ಕಲ್ಲುಕುಟಿಗನ ಕೈ ಎಷ್ಟು ಪಳಗಿತ್ತು ಎಂಬುದನ್ನು ಅವನು ಬಿಟ್ಟುಹೋದ ಗೋಡೆ ಇವತ್ತಿಗೂ ಹೇಳುತ್ತದೆ.

ಕಡಿದ ಕಲ್ಲನ್ನು ಮೇಲಕ್ಕೆ ತರುವುದು ಇನ್ನೊಂದು ಗುಂಪಿನ ಕೆಲಸ. ಮೇಲೆ ಹೇಳಿದ ಅಳತೆಯ ಕಲ್ಲಿನ ತೂಕ 80 ಕಿಲೋ ಮೀರುತ್ತದೆ, ಹಸಿಯಾಗಿದ್ದರೆ ಇನ್ನೂ ಹೆಚ್ಚು. ಬೆನ್ನಿಗೆ ಮರದ ಚೌಕಟ್ಟು ಕಟ್ಟಿಕೊಂಡು, ಅದರ ಮೇಲೆ ಕಲ್ಲು ಹೊತ್ತು, ಕಡಿದಾದ ದಾರಿಯಲ್ಲಿ ಹತ್ತಿ ಬರುತ್ತಿದ್ದರು. ಗುಂಡಿ ಆಳವಾದಂತೆ ರಾಟೆ, ಹಗ್ಗ, ಆಮೇಲೆ ಎಂಜಿನ್ ಚಾಲಿತ ವಿಂಚ್ ಬಂದವು. ಬೆನ್ನ ಮೇಲಿನ ಹೊರೆ ಕಡಿಮೆಯಾದರೂ ಕೆಳಗಿನ ಕತ್ತಲೆ, ತೇವ, ಕಲ್ಲುಪುಡಿಯ ದೂಳು ಹಾಗೇ ಇದ್ದವು. ಓಯಾ ಕಲ್ಲಿನ ಕಟ್ಟಡಗಳನ್ನು ಹೊಗಳುವ ಬರಹಗಳು ಬಹಳ ಇವೆ. ಅವುಗಳಲ್ಲಿ ಹೊರೆಯಾಳುಗಳಿಗೆ ಸಿಕ್ಕ ಜಾಗ ಕಡಿಮೆ. ಸಂಗ್ರಹಾಲಯದ ಮೇಲಂತಸ್ತಿನ ಪ್ರದರ್ಶನದಲ್ಲಿ ಅವರು ಬಳಸಿದ ಸಲಕರಣೆಗಳಿಗೂ ಅವರ ಛಾಯಾಚಿತ್ರಗಳಿಗೂ ಸಲ್ಲಬೇಕಾದ ಸ್ಥಾನ ಕೊಟ್ಟಿರುವುದು ಈ ಸಂಸ್ಥೆ ಮಾಡಿದ ಬಹಳ ಒಳ್ಳೆಯ ಕೆಲಸ.

ಗಣಿ ಆರಂಭವಾದ ವರ್ಷವೇ, 1919ರಲ್ಲಿ, ಟೋಕಿಯೊದಲ್ಲಿ ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ ಇಂಪೀರಿಯಲ್ ಹೋಟೆಲಿನ ಕಟ್ಟೋಣ ಶುರುವಾಯಿತು. ಇಟ್ಟಿಗೆ, ಕಾಂಕ್ರೀಟಿನ ಜೊತೆಗೆ ರೈಟ್ ಓಯಾ ಕಲ್ಲನ್ನು ಧಾರಾಳವಾಗಿ ಬಳಸಿದ. ಉಗ್ರಾಣಕ್ಕೂ ಬೇಲಿಗೋಡೆಗೂ ಸಾಕೆಂದು ಎಣಿಸಿದ್ದ ಅಗ್ಗದ ಕಲ್ಲಿನಲ್ಲಿ ಆತ ಸೂಕ್ಷ್ಮವಾದ ಜ್ಯಾಮಿತಿಯ ಚಿತ್ತಾರ ಕೆತ್ತಿಸಿದ. ಕಂಬ, ಕಮಾನು, ಹೂಕುಂಡ, ಅಗ್ಗಿಷ್ಟಿಕೆ, ಎಲ್ಲೆಲ್ಲೂ ಅದೇ ಕಲ್ಲು. ಹೋಟೆಲಿನ ಕಲ್ಲು ಬಂದದ್ದು ಓಯಾ ಪ್ರದೇಶದ ಬೇರೊಂದು ಗಣಿಯಿಂದ. ಆದರೂ ಅದರ ಕೀರ್ತಿ ಇಡೀ ಊರಿಗೆ ದಕ್ಕಿತು. ಉದ್ಘಾಟನೆಗೆ ಗೊತ್ತಾಗಿದ್ದ ದಿನ 1923ರ ಸೆಪ್ಟೆಂಬರ್ 1. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಕಾಂಟೊ ಮಹಾಭೂಕಂಪ ಸಂಭವಿಸಿತು. ಭೂಕಂಪಕ್ಕಿಂತಲೂ ಅದರ ಹಿಂದೆಯೇ ಎದ್ದ ಬೆಂಕಿಗೆ ಹೆಚ್ಚು ಜನ ಬಲಿಯಾದರು. ಸತ್ತವರ ಸಂಖ್ಯೆ 1 ಲಕ್ಷ ದಾಟಿತು. ಹೋಟೆಲಿಗೂ ಪೆಟ್ಟು ಬಿತ್ತು, ಆದರೆ ಅದು ನಿಂತುಕೊಂಡಿತು, ಸುಡಲಿಲ್ಲ. ಅದು ನಿಂತದ್ದಕ್ಕೆ ಕಲ್ಲೊಂದೇ ಕಾರಣವೆನ್ನುವುದು ಸರಿಯಲ್ಲ. ಜನರ ನೆನಪಿನಲ್ಲಿ ಮಾತ್ರ ಓಯಾ ಕಲ್ಲು ಬೆಂಕಿಯನ್ನು ಗೆದ್ದ ಕಲ್ಲಾಗಿ ಉಳಿಯಿತು, ಬೇಡಿಕೆ ಏರಿತು. 1960ರ ದಶಕದ ಕೊನೆಯಲ್ಲಿ ಹೋಟೆಲನ್ನು ಕೆಡವಿದರು. ಅದರ ಮುಂಭಾಗದ ಪಡಸಾಲೆಯನ್ನು ಐಚಿ ಪ್ರಾಂತದ ಇನುಯಾಮಾದಲ್ಲಿರುವ ಮೇಜಿ-ಮುರಾ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ರೈಟ್‌ನದೇ ವಿನ್ಯಾಸದ ಟೋಕಿಯೊದ ಜಿಯು ಗಕುಯೆನ್ ಶಾಲೆ ಮತ್ತು ಆಶಿಯಾದ ಯಾಮಾಮುರಾ ಮನೆಯಲ್ಲೂ ಓಯಾ ಕಲ್ಲನ್ನು ನೋಡಬಹುದು.

ಉತ್ಸುನೊಮಿಯಾ ನಗರದಲ್ಲೇ ಈ ಕಲ್ಲಿನ ಒಳ್ಳೆಯ ಕಟ್ಟಡಗಳಿವೆ. ಸೋಯಾ ಸಾಸ್ ತಯಾರಿಸುತ್ತಿದ್ದ ಶಿನೊಹಾರಾ ಮನೆತನದ 1895ರ ಮನೆ ಮತ್ತು ಉಗ್ರಾಣ, ಸ್ವಿಸ್ ವಾಸ್ತುಶಿಲ್ಪಿ ಮ್ಯಾಕ್ಸ್ ಹಿಂಡರ್ ವಿನ್ಯಾಸ ಮಾಡಿದ 1932ರ ಮಾತ್ಸುಗಾಮಿನೆ ಕ್ಯಾಥೊಲಿಕ್ ಚರ್ಚು, ಮರುವರ್ಷ ಮುಗಿದ ಸೇಂಟ್ ಜಾನ್ಸ್ ಚರ್ಚು ಮುಖ್ಯವಾದವು. 1945ರ ಜುಲೈ 12ರ ರಾತ್ರಿ ಅಮೆರಿಕದ ಬಾಂಬುದಾಳಿಯಲ್ಲಿ ನಗರದ ಬಹುಭಾಗ ಸುಟ್ಟು 600ಕ್ಕೂ ಹೆಚ್ಚು ಜನ ಸತ್ತರು. ಮಾತ್ಸುಗಾಮಿನೆ ಚರ್ಚಿಗೂ ಬೆಂಕಿ ತಗುಲಿತು, ಕಲ್ಲಿನ ಗೋಡೆಗಳು ಉಳಿದವು. ಯುದ್ಧದ ನಂತರ ಅವನ್ನೇ ಆಧರಿಸಿ ಚರ್ಚನ್ನು ದುರಸ್ತಿ ಮಾಡಿದರು.

ಯುದ್ಧಕಾಲದಲ್ಲಿ ಓಯಾದ ನೆಲಮಾಳಿಗೆಗಳಿಗೆ ಬೇರೆಯೇ ಕೆಲಸ ಬಂತು. ವಿಮಾನದಾಳಿಯಿಂದ ಕಾರ್ಖಾನೆಗಳನ್ನು ಕಾಪಾಡಲು ನಕಾಜಿಮಾ ವಿಮಾನ ಕಂಪನಿ ಇಲ್ಲಿನ ಗಣಿಗಳೊಳಗೆ ಯಂತ್ರಗಳನ್ನಿಳಿಸಿ ಸೇನೆಯ ಯುದ್ಧವಿಮಾನಗಳ ಭಾಗಗಳ ತಯಾರಿಕೆಗೆ ತೊಡಗಿತು. ಈಗಿನ ಸಂಗ್ರಹಾಲಯದ ಗಣಿಯೂ ಗುಪ್ತ ಕಾರ್ಖಾನೆಯಾಗಿತ್ತು. ಮೇಲೆ ದಪ್ಪನೆಯ ಕಲ್ಲಿದ್ದಾಗ ಬಾಂಬಿನ ಭಯವಿಲ್ಲ, ನಿಜ. ಆದರೆ ಅಲ್ಲಿನ ಚಳಿ ಮತ್ತು ತೇವ ಯಂತ್ರಗಳಿಗೂ ದುಡಿಯುವವರಿಗೂ ಒಗ್ಗುವಂಥದಲ್ಲ. 1945ರ ಆಗಸ್ಟಿನಲ್ಲಿ ಯುದ್ಧ ಮುಗಿಯಿತು, ಕಾರ್ಖಾನೆಯೂ ನಿಂತಿತು. ಮುಂದೆ ಅದೇ ತಂಪನ್ನು ನೆಚ್ಚಿ ಸರ್ಕಾರಿ ಅಕ್ಕಿಯನ್ನು ಇಲ್ಲಿ ದಾಸ್ತಾನು ಮಾಡಿದರು. ಯುದ್ಧದಲ್ಲಿ ಸತ್ತವರ ನೆನಪಿಗಾಗಿ ಊರಿನ ಒಂದು ಹಳೆಯ ಕಲ್ಲುಗಣಿಯ ಗೋಡೆಯಲ್ಲಿ 1948ರಿಂದ 1954ರವರೆಗೆ ಕೆತ್ತಿದ ಶಾಂತಿ ಅವಲೋಕಿತೇಶ್ವರನ ಮೂರ್ತಿ ಸುಮಾರು 27 ಮೀಟರ್ ಎತ್ತರವಿದೆ.

ಯುದ್ಧಾನಂತರದ ಮರುನಿರ್ಮಾಣಕ್ಕೆ ಕಲ್ಲು ಅಪಾರವಾಗಿ ಬೇಕಾಯಿತು. 1950ರ ದಶಕದಲ್ಲಿ ಕಲ್ಲು ಕೊಯ್ಯುವ ಯಂತ್ರಗಳ ಪ್ರಯೋಗ ನಡೆದು, 1960ರ ಹೊತ್ತಿಗೆ ಪಿಕಾಸಿಯ ಕಾಲ ಮುಗಿಯಿತು. ತಿರುಗುವ ಗರಗಸದ ಚಕ್ರ ಹಳಿಯ ಮೇಲೆ ಸಾಗುತ್ತ ಬಂಡೆಯನ್ನು ನೇರವಾಗಿ ಸೀಳತೊಡಗಿತು. ಇಳುವರಿ ಹಲವು ಪಟ್ಟು ಹೆಚ್ಚಿತು. 1970ರ ದಶಕದ ಆರಂಭದಲ್ಲಿ ಓಯಾದಲ್ಲಿ ಸುಮಾರು 120 ಗಣಿಗಳಿದ್ದವು; ವರ್ಷಕ್ಕೆ ತೆಗೆಯುತ್ತಿದ್ದ ಕಲ್ಲು ಹೆಚ್ಚುಕಡಿಮೆ 8.9 ಲಕ್ಷ ಟನ್ ಮುಟ್ಟಿತ್ತು. ಅಲ್ಲಿಂದ ಇಳಿತ ಶುರು. ಕಾಂಕ್ರೀಟ್ ಬ್ಲಾಕು ಅಗ್ಗವಾಗಿ ಎಲ್ಲೆಡೆ ಸಿಗತೊಡಗಿತು, ಗೋಡೆಗೂ ಬೇಲಿಗೂ ಕಲ್ಲು ಬೇಕೆನ್ನುವವರು ಕಡಿಮೆಯಾದರು. ಕಲ್ಲು ಸಾಗಿಸುತ್ತಿದ್ದ ಓಯಾದ ರೈಲುಮಾರ್ಗ 1964ರಲ್ಲೇ ಮುಚ್ಚಿ ಕೆಲಸ ಲಾರಿಗಳ ಪಾಲಾಗಿತ್ತು. ಒಂದೊಂದೇ ಗಣಿ ನಿಂತಿತು.

ಇಂಥ ಹೊತ್ತಿನಲ್ಲಿ, 1979ರಲ್ಲಿ, ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಕಾಲದ ಈ ಆಯ್ಕೆ ಗಮನಿಸಬೇಕಾದದ್ದು. ಇದೇ ಗಣಿಯಲ್ಲಿ ಅಗೆತ ಪೂರ್ತಿ ನಿಂತದ್ದು 1986ರಲ್ಲಿ. ಹಾಗಾಗಿ ಗಣಿಯೂ ಸಂಗ್ರಹಾಲಯವೂ ಏಳು ವರ್ಷ ಒಟ್ಟಿಗೇ ಬದುಕಿದವು. ಬಹಳ ಕಡೆ ಉದ್ಯಮ ಸತ್ತು, ಹತ್ಯಾರಗಳು ಗುಜರಿಗೆ ಹೋಗಿ, ಬಲ್ಲವರು ತೀರಿಹೋದ ಮೇಲೆ ಸ್ಮಾರಕದ ಮಾತು ಬರುತ್ತದೆ. ಓಯಾದಲ್ಲಿ ಕಸುಬು ಬಲ್ಲವರು ಬದುಕಿದ್ದಾಗಲೇ ಅದನ್ನು ದಾಖಲಿಸುವ ಜಾಗ ಸಿದ್ಧವಾಗಿತ್ತು. ಕೈಕೆಲಸದ ಕಾಲ ಮುಗಿದು ಆಗಿನ್ನೂ ಇಪ್ಪತ್ತು ವರ್ಷವೂ ಕಳೆದಿರಲಿಲ್ಲವಾದ್ದರಿಂದ ಪಿಕಾಸಿ ಹಿಡಿದು ದುಡಿದವರೇ ತಮ್ಮ ಸಲಕರಣೆಗಳ ಬಳಕೆಯನ್ನು ವಿವರಿಸಬಲ್ಲವರಾಗಿದ್ದರು.

ನೋಡುವ ಕ್ರಮ ಮೇಲಿನ ಕೊಠಡಿಯಿಂದ ಆರಂಭವಾಗುತ್ತದೆ. ಓಯಾ ಪದರದ ಹುಟ್ಟು, ಕೈಕೆಲಸದ ಸಲಕರಣೆ, ಸಾಗಣೆಯ ಬಗೆ, ಯಂತ್ರಗಳು, ರೈಟ್‌ನ ಹೋಟೆಲಿನ ನೆನಪುಗಳು ಅಲ್ಲಿವೆ. ಅದನ್ನು ನೋಡಿಕೊಂಡೇ ಕೆಳಗಿಳಿಯುವುದು ಮೇಲು. ಇಲ್ಲವಾದರೆ ಕೆಳಗಿನ ವಿಸ್ತಾರಕ್ಕೆ ಬೆರಗಾಗುವುದಷ್ಟೇ ಆಗುತ್ತದೆ, ಗೋಡೆಯನ್ನು ಓದಲು ಬರುವುದಿಲ್ಲ. ಕೆಳಗಿನ ಗೋಡೆಗಳಲ್ಲಿ ಎರಡು ಕಾಲದ ಬರಹವಿದೆ. ಪಿಕಾಸಿ ಕಾಲದ ಗೋಡೆಯಲ್ಲಿ ಗಿಡ್ಡನೆಯ ಓರೆ ಗೆರೆಗಳು ಒತ್ತೊತ್ತಾಗಿ ಬಿದ್ದಿವೆ. ಅವು ಎಲ್ಲೂ ಪೂರ್ತಿ ಸಮವಲ್ಲ. ಒಂದು ಸಾಲಿನ ಓರೆ ಬಲಕ್ಕಿದ್ದರೆ ಪಕ್ಕದ ಸಾಲಿನದು ಎಡಕ್ಕೆ. ಯಂತ್ರ ಕಾಲದ ಗೋಡೆಯಲ್ಲಿ ಅಡ್ಡಕ್ಕೆ ನೇರವಾದ ಗೆರೆಗಳು, ಸಮನಾದ ಅಂತರದಲ್ಲಿ, ಎಷ್ಟು ದೂರ ನೋಡಿದರೂ ಒಂದೇ ರೀತಿ. ಗಣಿ ಮೇಲಿನಿಂದ ಕೆಳಕ್ಕೆ ಬೆಳೆದದ್ದರಿಂದ ಒಟ್ಟಿನಲ್ಲಿ ಹಳೆಯ ಕೆಲಸ ಮೇಲೆ, ಹೊಸದು ಕೆಳಗೆ. ಶಿಲಾಪದರಗಳಲ್ಲಿ ಹಳೆಯದು ಕೆಳಗೆ, ಹೊಸದು ಮೇಲೆ ಎಂದು ಕಲಿತ ಭೂವಿಜ್ಞಾನದ ವಿದ್ಯಾರ್ಥಿ ಇಲ್ಲಿ ಎರಡು ಕಾಲಗಣನೆಗಳನ್ನು ಒಂದೇ ಗೋಡೆಯಲ್ಲಿ ಕಾಣುತ್ತಾನೆ: ನಿಸರ್ಗದ್ದು ಕೆಳಗಿನಿಂದ ಮೇಲಕ್ಕೆ, ಮನುಷ್ಯನದು ಮೇಲಿನಿಂದ ಕೆಳಕ್ಕೆ.

ಒಳಗಿನ ತಂಪು ಸಾಮಾನ್ಯವಾದದ್ದಲ್ಲ. ವರ್ಷದ ಸರಾಸರಿ 8 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನೆಲದಡಿಯ ಜಾಗಗಳು ಸಾಮಾನ್ಯವಾಗಿ ಆ ಊರಿನ ವಾರ್ಷಿಕ ಸರಾಸರಿ ಉಷ್ಣತೆಗೆ ಹತ್ತಿರವಿರುತ್ತವೆ. ಓಯಾದ ಗಣಿ ಅದಕ್ಕಿಂತ ಸ್ಪಷ್ಟವಾಗಿ ತಂಪು. ಕಾರಣ ಗುಂಡಿಯ ಆಕಾರದಲ್ಲಿದೆ. ಚಳಿಗಾಲದ ಭಾರವಾದ ತಣ್ಣನೆಯ ಗಾಳಿ ಮೇಲಿನ ಬಾಯಿಯಿಂದ ಕೆಳಗಿಳಿದು ತಳದಲ್ಲಿ ನಿಲ್ಲುತ್ತದೆ. ಬೇಸಿಗೆಯ ಬಿಸಿಗಾಳಿ ಹಗುರವಾದ್ದರಿಂದ ಅದನ್ನು ಒತ್ತಿ ಹೊರಹಾಕಲಾರದು. ಸುತ್ತಲಿನ ಕಲ್ಲೂ ಆ ಚಳಿಯನ್ನು ವರ್ಷವಿಡೀ ಹಿಡಿದಿಟ್ಟುಕೊಳ್ಳುತ್ತದೆ. ನಡುಬೇಸಿಗೆಯಲ್ಲಿ ಬರುವವರೂ ಸ್ವೆಟರು ತರಬೇಕಾಗುತ್ತದೆ. ವಿಶಾಲವಾದ ಈ ಕಲ್ಲಿನ ಸಭಾಂಗಣದಲ್ಲಿ ಸಂಗೀತ ಕಚೇರಿ, ಕಲಾಪ್ರದರ್ಶನ, ನಾಟಕ, ಮದುವೆ, ಸಿನಿಮಾ ಚಿತ್ರೀಕರಣ ಎಲ್ಲವೂ ನಡೆದಿವೆ. ಬಣ್ಣದ ದೀಪಗಳ ಕಾರ್ಯಕ್ರಮಗಳು ಜನರನ್ನು ಕರೆತರುತ್ತವೆ, ಸಂಸ್ಥೆಯ ಖರ್ಚಿಗೂ ಆಗುತ್ತವೆ. ಗೋಡೆಯ ಗೆರೆಗಳನ್ನು ಕಾಣಬೇಕಾದವರಿಗೆ ಮಾತ್ರ ಓರೆಯಾಗಿ ಬೀಳುವ ಸಾದಾ ಬೆಳಕೇ ಒಳ್ಳೆಯದು.

ಸಂಗ್ರಹಾಲಯದ ಚರಿತ್ರೆಯಲ್ಲಿ ಅತ್ಯಂತ ಕಠಿಣ ಕಾಲ ಶುರುವಾದದ್ದು ಅದರ ಹೊರಗೆ. 1989ರ ಫೆಬ್ರವರಿ 10ರಂದು ಓಯಾದ ಸಾಕಾಮೊತೊ ಭಾಗದಲ್ಲಿ ಒಂದು ಹಳೆಯ ಗಣಿಯ ಮೇಲಿನ ನೆಲ ಕುಸಿದು ದೊಡ್ಡ ಹೊಂಡವಾಯಿತು. ಮುಂದಿನ ಎರಡು ವರ್ಷಗಳಲ್ಲೂ ಅಲ್ಲಲ್ಲಿ ಕುಸಿತಗಳಾದವು. ಕಾರಣಗಳನ್ನು ಬಿಡಿಸಿದಾಗ ಇಡೀ ಉದ್ಯಮದ ಲೋಪ ಹೊರಬಿತ್ತು. ಪ್ರತಿಯೊಬ್ಬ ಒಡೆಯನೂ ತನ್ನ ನೆಲದಡಿಯಲ್ಲಿ ತನ್ನ ಲೆಕ್ಕಾಚಾರದಂತೆ ಅಗೆದಿದ್ದ. ಕಂಬಗಳು ಸಾಕಷ್ಟು ದಪ್ಪವಿಲ್ಲದ ಕಡೆ ಚಾವಣಿಯ ಭಾರ ಅವುಗಳ ಮೇಲೆ ಮಿತಿಮೀರಿ ಬೀಳುತ್ತಿತ್ತು. ಕೈಬಿಟ್ಟ ಗಣಿಗಳಲ್ಲಿ ಪಂಪು ನಿಂತ ಮೇಲೆ ಅಂತರ್ಜಲ ತುಂಬಿಕೊಂಡಿತ್ತು. ನೀರು ಕುಡಿದ ಟಫ್ ದುರ್ಬಲವಾಗುತ್ತದೆ ಎಂಬ ಮಾತು ಪ್ರಯೋಗಾಲಯದಿಂದ ಊರಿನ ಬೀದಿಗೆ ಬಂದಿತ್ತು. ಓಯಾದಲ್ಲಿ ಇಂಥ ಕೈಬಿಟ್ಟ ಗಣಿಗಳು ಸುಮಾರು 250 ಇವೆ. ಕುಸಿತದ ಬಳಿಕ ಅವುಗಳ ನಕ್ಷೆ, ತಪಾಸಣೆ ನಡೆದು, ನೆಲದ ಸಣ್ಣ ಕಂಪನಗಳನ್ನೂ ದಾಖಲಿಸುವ ಉಪಕರಣಗಳ ಜಾಲವನ್ನು ಹೂಡಿದರು. ಪ್ರವಾಸಿಗರು ಮಾತ್ರ ಬಹುಕಾಲ ಓಯಾ ಕಡೆ ಸುಳಿಯಲು ಹಿಂಜರಿದರು.

2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನಲ್ಲಿ 9.0 ತೀವ್ರತೆಯ ಭೂಕಂಪವಾದಾಗ ತೊಚಿಗಿಯೂ ಬಲವಾಗಿ ಅಲುಗಿತು. ಸಂಗ್ರಹಾಲಯ ಮುಚ್ಚಿತು. ನೆಲದಡಿಯ ಸ್ಥಳಕ್ಕೆ ಜನರನ್ನು ಮತ್ತೆ ಬಿಡುವ ಮೊದಲು ಸುರಕ್ಷತೆ ಖಚಿತವಾಗಬೇಕಿತ್ತು. ಸುಮಾರು ಎರಡು ವರ್ಷ ಬಾಗಿಲು ಹಾಕಿಕೊಂಡಿದ್ದು 2013ರಲ್ಲಿ ಮತ್ತೆ ತೆರೆಯಿತು. ಅಲ್ಲಿಂದೀಚೆಗೆ ಬರುವವರ ಸಂಖ್ಯೆ ಏರಿದೆ. ಪಕ್ಕದಲ್ಲೇ ಅಂಗಡಿ, ಉಪಾಹಾರ ಗೃಹ ತಲೆಯೆತ್ತಿವೆ. ಊರಿನ ಹೆಸರು ಕುಸಿತದ ಸುದ್ದಿಯಿಂದ ಕಳಚಿಕೊಂಡು ಮತ್ತೆ ಕಲ್ಲಿನೊಂದಿಗೆ ಕೂಡಿಕೊಂಡಿತು.

ಸರ್ಕಾರದ ಮಾನ್ಯತೆಗಳೂ ಈ ಅವಧಿಯಲ್ಲೇ ಬಂದವು. ಓಯಾದ ವಿಚಿತ್ರ ಆಕಾರದ ಬಂಡೆಸಮೂಹ 2006ರಲ್ಲಿ ರಾಷ್ಟ್ರೀಯ ರಮ್ಯತಾಣವೆಂದು ಘೋಷಿತವಾಗಿತ್ತು. 2018ರಲ್ಲಿ ಓಯಾ ಕಲ್ಲಿನ ಸಂಸ್ಕೃತಿ ‘ಜಪಾನ್ ಪರಂಪರೆ’ ಪಟ್ಟಿಗೆ ಸೇರಿತು. ಆ ಪಟ್ಟಿಯ ವಿಶೇಷವೆಂದರೆ ಒಂದು ಕಟ್ಟಡವನ್ನೋ ಸ್ಥಳವನ್ನೋ ಬಿಡಿಯಾಗಿ ಪರಿಗಣಿಸದೆ ಅವುಗಳನ್ನು ಪೋಣಿಸುವ ಕಥನವನ್ನು ಗೌರವಿಸುವುದು. ಗಣಿ, ಗುಡಿ, ಚರ್ಚು, ಉಗ್ರಾಣ ಎಲ್ಲವೂ ಒಂದೇ ಶಿಲಾಪದರದಿಂದ ಎದ್ದುಬಂದ ಊರಿಗೆ ಇದಕ್ಕಿಂತ ಹೊಂದುವ ಮನ್ನಣೆ ಬೇರಿಲ್ಲ.

ಬೇರೆ ಗಣಿಗಳಿಗೂ ಹೊಸ ಉಪಯೋಗಗಳು ಹುಟ್ಟಿಕೊಂಡಿವೆ. ನೀರು ತುಂಬಿದ ಒಂದು ಗಣಿಯಲ್ಲಿ ರಬ್ಬರ್ ದೋಣಿಯಲ್ಲಿ ಕೂರಿಸಿ ನೆಲದಡಿಯ ಸರೋವರವನ್ನು ತೋರಿಸುತ್ತಾರೆ. ಗಣಿಗಳಲ್ಲಿ ನಿಂತ ತಣ್ಣೀರಿನಿಂದ ಹಸಿರುಮನೆಗಳನ್ನು ತಂಪಾಗಿಸಿ, ಚಳಿಗಾಲದ ಬೆಳೆಯಾದ ಸ್ಟ್ರಾಬೆರಿಯನ್ನು ಬೇಸಿಗೆಯಲ್ಲೂ ಬೆಳೆಯುತ್ತಾರೆ. ತೊಚಿಗಿ ಸ್ಟ್ರಾಬೆರಿಗೆ ಹೆಸರಾದ ಪ್ರಾಂತ. ಕಲ್ಲಿನ ಅಗೆತವೂ ಪೂರ್ತಿ ನಿಂತಿಲ್ಲ. ಬೆರಳೆಣಿಕೆಯ ಗಣಿಗಳು ಇನ್ನೂ ಕೆಲಸ ಮಾಡುತ್ತಿವೆ. ಈಗ ಕಲ್ಲನ್ನು ಹೆಚ್ಚಾಗಿ ತೆಳುವಾದ ಹಲಗೆಗಳಾಗಿ ಕೊಯ್ದು ಹೋಟೆಲು, ಅಂಗಡಿ, ಮನೆಗಳ ಒಳಗೋಡೆಗೆ ಹೊದಿಸುತ್ತಾರೆ, ಒಲೆಗೂಡುಗಳಿಗೆ ಬಳಸುತ್ತಾರೆ. ಹಳೆಯ ಉಗ್ರಾಣ ಮತ್ತು ಗೋಡೆಗಳ ದುರಸ್ತಿಗೆ ಬೇಕಾಗುವ ಹೊಂದಿಕೆಯ ಕಲ್ಲೂ ಈ ಗಣಿಗಳಿಂದಲೇ ಹೋಗುತ್ತದೆ.